ಚೀಟಿಯ ಮೇಲೆ ಬರೆದ ಕಿಲೋಮೀಟರು

ನಾನು ಶಾಲೆ ಬಿಟ್ಟದ್ದು ೨೦೦೩ರಲ್ಲಿ, ಎಂಟನೇ ಇಯತ್ತೆ ಅರ್ಧಕ್ಕೆ. ಆಮೇಲೆ ಎಂಟು ವರ್ಷ ಪುಣೆಯ ಕಟ್ಟಡಗಳಿಗೆ ಇಟ್ಟಿಗೆ ಹೊತ್ತೆ. ನನಗೆ ವಿದ್ಯೆ ಅಂತ ಕಲಿಸಿದ್ದು ಒಂದು ಹೆಬ್ಬೆರಳಿನ ಉಗುರು. ಉದ್ದ, ಹಳದಿ, ಅರದಿಂದ ತಿಕ್ಕಿ ಚಪ್ಪಟೆ ಮಾಡಿದ್ದು. ಸ್ವಾರಗೇಟಿನ ಹಿಂದಿನ ಓಣಿಯಲ್ಲಿ ಕಾರಿನ ಮೀಟರ್ ರಿಪೇರಿ ಮಾಡುತ್ತಿದ್ದ, ನಮ್ಮ ಉತ್ತರ ಕರ್ನಾಟಕದ ಕಡೆಯವರೇ ಆದ ಕಾಕಾರದು. ಮೀಟರಿನ ಮುಳ್ಳನ್ನು ಬೇರೆಯವರು ಎರಡು ಚಮಚ ಕೊಟ್ಟು ಎಬ್ಬಿಸುತ್ತಾರೆ. ಕಾಕಾ ಆ ಉಗುರು ತೂರಿಸಿ, ಮಗುವಿನ ಕಿವಿಯಿಂದ ಓಲೆ ಬಿಚ್ಚಿದ ಹಾಗೆ ತೆಗೆಯುತ್ತಿದ್ದರು.

ಕೆಲಸ ಕೇಳಿ ಹೋದಾಗ ತಲೆ ಎತ್ತದೆ ಕೇಳಿದರು, "ಎಷ್ಟು ಕಲ್ತೀಪಾ?"

"ಏಳು ಪಾಸ್ ರೀ."

"ಅಂಕಿ ಓದಾಕ ಬರ್ತದಲ್ಲ? ಸಾಕು. ನಮ್ಮ ದಂಧೆ ಅಂಕೀದs ಅದ."

ಮೀಟರ್ ಸತ್ತರೆ ಗುಜರಿಯಿಂದ ಅದೇ ಮಾದರಿಯದು ತಂದು ಕೂರಿಸುತ್ತೇವೆ. ಆದರೆ ಅದು ಬೇರೆ ಯಾವುದೋ ಗಾಡಿ ಓಡಿದ ಕಿಲೋಮೀಟರ್ ತೋರಿಸುತ್ತದೆ. ಹಳೇ ಮೀಟರಿನೊಳಗೆ ತೊಗರಿ ಬೇಳೆಯಷ್ಟು ಒಂದು ಚಿಪ್ ಇರುತ್ತದೆ, ಎಂಟು ಕಾಲಿನದು. ಗಾಡಿ ಓಡಿದ ಲೆಕ್ಕವೆಲ್ಲ ಅದರಲ್ಲಿ. ಅದನ್ನು ಬಿಸಿಗಾಳಿ ಹೊಡೆದು ಬಿಚ್ಚಿ ಹೊಸ ಮೀಟರಿಗೆ ಬೆಸೆದರೆ ಗಾಡಿಯ ಲೆಕ್ಕ ಗಾಡಿಗೇ ಉಳಿಯುತ್ತದೆ. ಕೊನೆಗೆ ಕಾಕಾ ಒಂದು ಚೀಟಿ ಕೊಡುತ್ತಿದ್ದರು: ಗಾಡಿ ನಂಬರು, ಕಿಲೋಮೀಟರು, ಸಹಿ. ಹಳೇ ಗಾಡಿ ಮಾರುವ ದಲ್ಲಾಳಿಗಳು ಬಂದು, ಕಿಲೋಮೀಟರ್ ಸ್ವಲ್ಪ ಇಳಿಸಿಕೊಡಿ ಎಂದರೆ, "ವಯಸ್ಸು ಇಳಸೂ ದವಾಖಾನಿ ಅಲ್ಲರೀ ಇದು, ಮುಂದ ಹೋಗ್ರಿ" ಎನ್ನುವರು.

ಒಮ್ಮೆ ನಮ್ಮ ಕಡೆಯ ಟ್ಯಾಕ್ಸಿಯವನೊಬ್ಬ ಬಂದ. ಮಳೆನೀರು ಹೊಕ್ಕು ಚಿಪ್ಪೇ ಕೊಳೆತಿತ್ತು. ಕಾಕಾ ಅವನಿಗೆ ಚಹಾ ತರಿಸಿ, ಕೊನೇ ಸಲ ಆಯಿಲ್ ಬದಲಿಸಿದ ಕಾರ್ಡು ಮುಂದಿಟ್ಟುಕೊಂಡು, ಅಲ್ಲಿಂದೀಚೆಗೆ ಎಲ್ಲೆಲ್ಲಿ ಹೋಗಿದ್ದೆ ಹೇಳು ಎಂದರು.

"ಪಂಢರಪುರಕ್ಕ ಹ್ವಾದೆ ರೀ, ಇನ್ನೂರಾ ಹತ್ತು."

"ಬರೂಮುಂದ ನಡಕೋತ ಬಂದೇನು? ಅದನ್ನೂ ಹಿಡಿ!"

ಮಧ್ಯಾಹ್ನವೆಲ್ಲ ಕೂಡಿಸಿ ಅಂಕಿ ಹಾಕಿದರು. ಚೀಟಿಯ ಮೇಲೆ ಕಿಲೋಮೀಟರಿನ ಪಕ್ಕ ಒಂದು ಶಬ್ದ ಬರೆದರು: "ಅಂದಾಜು". ಅಷ್ಟೇ. ಟ್ಯಾಕ್ಸಿಯವ ನಗುತ್ತಲೇ ಹೋದ.

ಆರು ವರ್ಷದಲ್ಲಿ ನನ್ನ ಕೈ ಕಾಕಾರ ಕೈಗಿಂತ ಚುರುಕಾಯಿತು. ಹಾಗಂತ ಓಣಿಯವರೆಲ್ಲ ಹೇಳುತ್ತಿದ್ದರು, ನಾನೂ ಅಲ್ಲ ಎನ್ನಲಿಲ್ಲ. ಅಷ್ಟರಲ್ಲಿ ಕಾಕಾರ ಕಿಡ್ನಿ ಕೈಕೊಟ್ಟಿತು. ಮಂಗಳವಾರ, ಶುಕ್ರವಾರ ಡಯಾಲಿಸಿಸ್. ಅಂಥ ಒಂದು ಶುಕ್ರವಾರ ಕೋಥರೂಡದಲ್ಲಿದ್ದ ನಮ್ಮ ಕಡೆಯ ಕ್ಲಾರ್ಕ್ ಸಾಹೇಬರ ಕಾರು ಬಂತು. ಮೀಟರಿನಲ್ಲಿ ಏನೂ ಕಾಣುತ್ತಿರಲಿಲ್ಲ. ನಾನು ಫೋನಿನಲ್ಲಿ ಮಾತಾಡುತ್ತ ಬಿಸಿಗಾಳಿ ಹಿಡಿದೆ. ಚಿಪ್ ಸುಟ್ಟು ವಾಸನೆ ಬಂತು.

ಅದರೊಳಗಿನ ಲೆಕ್ಕ ಹೋಯಿತು. ಸಾಹೇಬರಿಗೂ ನೆನಪಿರಲಿಲ್ಲ: "ಎಂಬತ್ತು ಸಾವಿರದ ಆಜೂಬಾಜೂ ಇರಬೇಕಪಾ." ಸುಟ್ಟದ್ದನ್ನು ಮುಚ್ಚಿಟ್ಟು, ಹೊಸ ಚಿಪ್ಪಿಗೆ ಎಪ್ಪತ್ತೊಂಬತ್ತು ಸಾವಿರದ ಆರುನೂರ ನಲವತ್ಮೂರು ತುಂಬಿದೆ. ಬರೀ ಸೊನ್ನೆ ಇದ್ದರೆ ಸುಳ್ಳು ಎದ್ದು ಕಾಣುತ್ತದೆ ಎಂದು ಆ ನಲವತ್ಮೂರು.

ಸಂಜೆ ಕಾಕಾ ಬಂದರು. ಮುಖ ಬೂದಿಯಾಗಿತ್ತು. ಮೀಟರ್ ನೋಡಿ, "ಅಂಕಿ ಚಿಪ್ಪಿನಾಗಿಂದ ಬಂತೇನು?" ಎಂದರು.

"ಹೌದ್ರಿ ಕಾಕಾ."

ಸಹಿ ಹಾಕಿದರು. "ಅಂದಾಜು" ಎಂಬ ಒಂದು ಶಬ್ದ ಬರೆಸಿದ್ದರೆ ಮುಗಿಯುತ್ತಿತ್ತು. ಬೈಯುತ್ತಿದ್ದರು, ಆ ಶಬ್ದ ಬರೆಯುತ್ತಿದ್ದರು, ಚಹಾ ತರಿಸುತ್ತಿದ್ದರು.

ಮೂರು ತಿಂಗಳಿಗೆ ಹಾಸಿಗೆ ಹಿಡಿದರು. ಹೇಳಲೇಬೇಕು ಎಂದು ಗಟ್ಟಿ ಮಾಡಿಕೊಂಡು ಆಸ್ಪತ್ರೆಗೆ ಹೋದೆ. ಬಾಯಿ ತೆಗೆಯುವುದರೊಳಗೆ ಅವರು ಹೆಂಡತಿ ಕಾಕುವಿನ ಕಡೆ ತಿರುಗಿ, "ಚೀಟಿ ಪುಸ್ತಕ ಇವಗ ಕೊಡು" ಎಂದರು. ನನಗೆ, "ಇನ್ನಮ್ಯಾಲ ಸಹಿ ನೀನs ಮಾಡಪಾ. ನಿನ್ನ ಅಂಕಿ ನನ್ನ ಅಂಕಿ."

ಕಾಕು ಪುಸ್ತಕ ತಂದು ನನ್ನ ಕೈಗಿಟ್ಟರು. ನಾಳೆ ಹೇಳಿದರಾಯಿತು ಎಂದು ಬಂದೆ. ಮರುದಿನ ಬೆಳಗ್ಗೆ ಕಾಕಾ ಇರಲಿಲ್ಲ.

ಮೂರನೇ ದಿನದ ಕ್ರಿಯೆ ಮುಗಿಸಿ ನೇರ ಕೋಥರೂಡದ ಬಸ್ಸು ಹಿಡಿದೆ. ಕ್ಲಾರ್ಕ್ ಸಾಹೇಬರ ಎದುರು ಕೂತು ನಡೆದದ್ದೆಲ್ಲ ಹೇಳಿದೆ. ಗಾಡಿ ಕೊಡಿ, ನೀವು ಓಡಾಡಿದ್ದೆಲ್ಲ ಕೂಡಿಸಿ ಸರಿ ಮಾಡಿ ಕೊಡುತ್ತೇನೆ ಎಂದೆ.

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಗಾಡಿ ಮಾರಿ ತಿಂಗಳಾತು. ತಗೊಂಡವ ಭಾಳ ಚೌಕಶಿ ಮನಶ್ಯಾ, ಎರಡು ಮೆಕ್ಯಾನಿಕ್ ಕರಕೊಂಡು ಬಂದಿದ್ದ. ನಿಮ್ಮ ಕಾಕಾನ ಚೀಟಿ ತೋರಿಸಿದೆ ನೋಡು, ಮೆಕ್ಯಾನಿಕ್ಕs ಅಂದ: ಇವರ ಸಹಿ ಇದ್ದರ ಮತ್ತೇನು ನೋಡೂದು ಬ್ಯಾಡ."

ಕೊಂಡವನ ಫೋನ್ ನಂಬರು ಕೊಟ್ಟರು. ಅದು ಬಂದ್ ಆಗಿತ್ತು. ಲಾತೂರ ಕಡೆಯವನಂತೆ. ಎರಡು ಸಲ ಹೋಗಿ ಹುಡುಕಿದೆ. ಸಿಗಲಿಲ್ಲ.

ಕಾಕುವಿಗೆ ಹೇಳಿದ್ದೇನೆ. ಅವರು ಬೈಯಲಿಲ್ಲ, ಅತ್ತರು. ಬೈದಿದ್ದರೆ ಚೆನ್ನಾಗಿತ್ತು.

ಈಗ ನನಗೆ ಪುಣೆಯ ನಿಗಡಿಯಲ್ಲಿ ಸ್ವಂತ ಅಂಗಡಿ ಒಂದು. ಬಿಸಿಗಾಳಿಯ ಮಷಿನ್ ಎರಡು. ಕೈ ಕೆಳಗೆ ಕೆಲಸಗಾರರು ಮೂವರು. ತುಂಬಿದ ಚೀಟಿ ಪುಸ್ತಕ ಹದಿನಾಲ್ಕು. ಕಾಕಾರ ಸಹಿಯ ಸುಳ್ಳು ಚೀಟಿ ಒಂದು.