ಗ್ಲೆನಿಸ್ ಕೂಡಿಟ್ಟ ಕಾಯಿಲೆ ರಜೆ

ರಾಕ್‌ಹ್ಯಾಂಪ್ಟನ್ನಿನ ಮಾಂಸದ ಕಾರ್ಖಾನೆಯಲ್ಲಿ ಗ್ಲೆನಿಸ್ ಇಪ್ಪತ್ತೊಂದು ವರ್ಷ ಪ್ಯಾಕಿಂಗ್ ಮಾಡಿದಳು. ಜ್ವರ ಬಂದರೂ ರಜೆ ಹಾಕಿದವಳಲ್ಲ. ಸೋಮವಾರ ಬಂತೆಂದರೆ ಕಾಯಿಲೆಯ ನೆಪ ಹೇಳಿ ಮೀನು ಹಿಡಿಯಲು ಹೋಗುವ ಜೊತೆ ಕೆಲಸದ ಡಾರಿಲ್‌ನನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಕೊನೆಗೆ ಅವಳ ಭುಜವೇ ಕೈಕೊಟ್ಟಿತು. ಮೂರು ವಾರ ಸಂಬಳದ ಕಾಯಿಲೆ ರಜೆಯಲ್ಲಿ ಕೂತವಳಿಗೆ, ಪುಕ್ಕಟೆ ತಿನ್ನುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ಇವತ್ತಿನಿಂದಲೇ ಕೆಲಸ ಬಿಟ್ಟೆ ಎಂದು ಬರೆದು ಕಳಿಸಿಬಿಟ್ಟಳು. ಕೂಡಿಟ್ಟ ಕಾಯಿಲೆ ರಜೆಗೆ ಹೇಗೂ ದುಡ್ಡು ಬರುತ್ತದಲ್ಲ!

"ಬರಲ್ಲ ಕಣೆ," ಎಂದ ಯೂನಿಯನ್ನಿನ ಟ್ರೆವರ್. "ವರ್ಷದ ರಜೆ ಉಳಿದಿದ್ರೆ ಅದಕ್ಕೆ ಕೊಡ್ತಾರೆ. ಕಾಯಿಲೆ ರಜೆ ಕೆಲಸದ ಜೊತೆಗೇ ಹೋಯ್ತು. ಅದು ಮುಗಿಯೋತನಕ ಸುಮ್ನೆ ಮಲಗಿರಬೇಕಿತ್ತು ನೀನು."

"ನಂಗಿನ್ನೂ ವಾಸಿನೇ ಆಗಿಲ್ವಲ್ಲೋ!"

"ಗೊತ್ತು. ಆದ್ರೆ ನೀನೀಗ ಅವರ ಕೆಲಸದವಳಲ್ಲ."

"ಹಂಗಾದ್ರೆ ಡಾರಿಲ್‌ದು?"

"ಅವನದ್ದೆಲ್ಲಿ ಉಳಿದಿದೆ? ಒಂದು ದಿನಾನೂ ಬಿಡದೆ ತಗೊಂಡಿದಾನೆ."

ಗ್ಲೆನಿಸ್‌ಗೆ ತಲೆಬುಡ ಒಂದೂ ತಿಳಿಯಲಿಲ್ಲ. ಕಾಯಿಲೆ ಇದ್ದವಳ ರಜೆ ಮಾಯ, ಕಾಯಿಲೆ ಇಲ್ಲದವನಿಗೆ ಅಷ್ಟೂ ದಕ್ಕಿತು, ಇದ್ಯಾವ ನ್ಯಾಯ?

ಆ ಸಂಜೆ ಡಾರಿಲ್ ಬಾಗಿಲು ತಟ್ಟಿ, "ಬೇಗ ಹುಷಾರಾಗು," ಎಂದು ಆಗಷ್ಟೇ ಹಿಡಿದ ಎರಡು ಮೀನು ಕೊಟ್ಟುಹೋದ. ಅವತ್ತು ಸೋಮವಾರ.