ಹುಚ್ಚನ ಹಾಡು ನಿಂತಾಗ

ರೆಕಾರ್ಡಿನ ಮೇಲಿದ್ದ ತೆಳು ಪ್ಲಾಸ್ಟಿಕ್ಕನ್ನು ಉಗುರಿನಿಂದ ಹರಿದಾಗ ಹೊಸ ರಟ್ಟಿನ ವಾಸನೆ ಬಂತು. ನನ್ನ ಮೂಗು ಕಾದಿದ್ದು ಅದಕ್ಕಲ್ಲ. ಈ ಚಿತ್ರವಿದ್ದ ರಟ್ಟಿಗೆ ಬ್ಯಾಟರಿಯ ಆ್ಯಸಿಡ್ಡಿನ ಹುಳಿ ವಾಸನೆ ಇರಬೇಕಿತ್ತು, ಒಂದು ಮೂಲೆಯಲ್ಲಿ ಎಣ್ಣೆಗೈಯ ಹೆಬ್ಬೆರಳಿನ ಗುರುತು ಇರಬೇಕಿತ್ತು. ಚಿತ್ರ ಮಾತ್ರ ಅದೇ. ನಡುಬಯಲಿನಲ್ಲಿ ಒಂದು ಕುರ್ಚಿ, ಅದರ ಮೇಲೆ ಉದ್ದ ಕೂದಲಿನ ಬಿಳಿಯ ಮನುಷ್ಯ, ಎರಡೂ ಕೈಗೆ ಮೊಣಕೈವರೆಗೆ ಬಳೆ, ತೊಡೆಯ ಮೇಲೊಂದು ಬಾತುಕೋಳಿ.

ಮಗಳು ತರಿಸಿಕೊಟ್ಟದ್ದು. ನಾನು ಎಂದೋ ಹೇಳಿದ್ದ ಬಾತುಕೋಳಿಯ ಗುರುತು ಹಿಡಿದೇ ಹುಡುಕಿದಳಂತೆ. ರಾಕ್ ಹಾಡುವ ತನ್ನ ಗುಂಪಿನ ಜೊತೆ ಜಗಳಾಡಿ ಹೊರಬಂದ ಈ ಗಾಯಕ ಒಬ್ಬನೇ ಹಾಡಿದ ಒಂದೇ ಆಲ್ಬಮ್ ಇದು. ಆಗ ಕೊಂಡವರು ಕಡಿಮೆ. ಈಗ ಮೂಲ ಟೇಪುಗಳ ದೂಳು ಝಾಡಿಸಿ, ಧ್ವನಿಯನ್ನು ತಿದ್ದಿ ತೊಳೆದು ಮತ್ತೆ ಹೊರಗೆ ತಂದಿದ್ದಾರೆ. "ನಿಮ್ಮ ಹುಚ್ಚ ಸಿಕ್ಕಾನ ನೋಡ್ರಿ ಅಪ್ಪಾ" ಎಂದು ನಕ್ಕಳು. ಅವಳಿಗೆ ಚಿತ್ರದ ಕತೆಯನ್ನಷ್ಟೇ ಹೇಳಿದ್ದೆ. ಉಳಿದದ್ದನ್ನು ಹೇಳಿರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಬಿ.ಎಸ್ಸಿ. ಓದುತ್ತಿದ್ದೆ. ನಮ್ಮ ಮನೆ ವಿಜಾಪುರದ ಇಬ್ರಾಹಿಂಪುರದಲ್ಲಿ, ರೈಲು ಹಳಿಗೆ ಹತ್ತಿರ. ಗಾಡಿ ಹೋದಾಗ ಗೋಡೆಯ ಮಾಡದಲ್ಲಿಟ್ಟ ಚಹಾದ ಕಪ್ಪು-ಬಸಿಗಳು ನಡುಗುತ್ತಿದ್ದವು. ಪಕ್ಕದ ಮನೆಯವರು ಮದುವೆ, ಸಭೆಗಳಿಗೆ ಮೈಕ್ ಸೆಟ್ ಕೊಡುತ್ತಿದ್ದರು. ಊರಿಗೆಲ್ಲ ಅವರು ಮೈಕಿನವರು, ನನಗೆ ಕಾಕಾ. ಎತ್ತರದ, ತೆಳ್ಳಗಿನ ಆಳು. ರೈಲು ಬರುವ ಸದ್ದಾದರೆ ಓಡಿಹೋಗಿ ರೆಕಾರ್ಡಿನ ತಟ್ಟೆಯ ಮೇಲಿಂದ ಸೂಜಿ ಎತ್ತಿ, ಗಾಡಿ ದಾಟುವವರೆಗೆ ಅದನ್ನು ಕೂಸಿನ ಹಾಗೆ ಹಿಡಿದು ನಿಲ್ಲುವರು. ಅವರಿಗೆ ಮಕ್ಕಳಿರಲಿಲ್ಲ. ರೆಕಾರ್ಡು ಒರೆಸಲು ಅವರ ಹೆಂಡತಿ ಕಾಕೂನ ಹಳೆಯ ಸೀರೆಯ ತುಂಡು ಬೇಕು. ಸೀರೆ ಹಳೆಯದಾಗುವ ಮೊದಲೇ ಇವರು ಅದರ ಮೇಲೆ ಕಣ್ಣು ಹಾಕುತ್ತಾರೆಂದು ಕಾಕೂ ಓಣಿಯವರ ಮುಂದೆ ದೂರುತ್ತಿದ್ದಳು.

ಸೊಲ್ಲಾಪುರದ ಹಳೆ ಬಜಾರಿನಿಂದ ತಂದ ಒಂದು ಕಟ್ಟಿನಲ್ಲಿ ಈ ರೆಕಾರ್ಡು ಬಂದಿತ್ತು. ಹಚ್ಚಿದ ದಿನ ಓಣಿಯ ನಾಯಿಗಳು ಎದ್ದು ಹೋದವು. ಆ ಮನುಷ್ಯ ಹಾಡುತ್ತಿರಲಿಲ್ಲ, ಒದರುತ್ತಿದ್ದ. ನಡುವೆ ಸಣ್ಣ ದನಿಯಲ್ಲಿ ತನ್ನೊಳಗೇ ಏನೋ ಲೆಕ್ಕ ಹಾಕುವವನ ಹಾಗೆ ಗೊಣಗುತ್ತಿದ್ದ. ಒಂದು ಮಗ್ಗುಲು ಮುಗಿಯುತ್ತಲೇ ಕಾಕೂ ಹೊರಗೆ ಬಂದು, ಇನ್ನೊಂದು ಮಗ್ಗುಲು ಹಚ್ಚಿದರೆ ತವರಿಗೆ ಹೋಗುವೆನೆಂದಳು. ಹಾಗಾಗಿ ಆ ಎರಡನೆಯ ಮಗ್ಗುಲನ್ನು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ...

ಆಗ ತಿಕೋಟಾ, ಬಬಲೇಶ್ವರದ ಕಡೆ ಹೊಲಹೊಲದಲ್ಲೂ ಬಾವಿಯ ಕೆಲಸ. ಕಲ್ಲಿನ ಪದರು ಸಿಕ್ಕರೆ ಸುರಂಗ ಹಾರಿಸಬೇಕು. ಬಾವಿಯ ತಳದಲ್ಲಿ ತೂತು ಹೊಡೆದು, ಮದ್ದು ತುಂಬಿ, ಬತ್ತಿಗೆ ಬೆಂಕಿ ಕೊಟ್ಟು ಮೇಲೆ ಬಂದು ದೂರ ಓಡುವುದು. ಸುತ್ತ ದನ ಕಾಯುವವರು, ಕುರಿಯವರು, ದಾರಿಹೋಕರು ಇರುತ್ತಾರೆ. ಅವರನ್ನು ತಡೆಯಲು ಎಷ್ಟು ಕೂಗಿದರೂ ಬಯಲಿನ ಗಾಳಿಗೆ ಕೇಳುವುದಿಲ್ಲ. ತಿಕೋಟಾದ ಒಬ್ಬ ರೈತರು ಈ ಕೆಲಸಕ್ಕೆ ಕಾಕಾರ ಧ್ವನಿವರ್ಧಕದ ಹಾರ್ನು ತರಿಸಿದರು. ಕಾಕಾ ಮೊದಲು ಸಿನಿಮಾ ಹಾಡು ಹಚ್ಚಿದರು. ಯಾರದೋ ಮದುವೆ ಎಂದು ಜನ ಹಾಡಿನ ಕಡೆಗೇ ನಡೆದುಬಂದರು. ಭಕ್ತಿಗೀತೆ ಹಚ್ಚಿದರು. ಇಬ್ಬರು ಮುದುಕಿಯರು ಕಾಯಿ ಹಿಡಿದುಕೊಂಡೇ ಬಂದರು. ಸುರಂಗದ ಮೇಸ್ತ್ರಿ ತಲೆ ಚಚ್ಚಿಕೊಂಡ. ಆಗ ಕಾಕಾ ಸಿಟ್ಟಿನಿಂದಲೋ ತಮಾಷೆಗೋ ಬಾತುಕೋಳಿಯವನನ್ನು ಹಚ್ಚಿದರು. ಯಾರೂ ಬರಲಿಲ್ಲ.

ಅಲ್ಲಿಂದ ಅದೇ ಪದ್ಧತಿಯಾಯಿತು. ಬತ್ತಿಗೆ ಬೆಂಕಿ ಕೊಡುವ ಮುಂಚೆ ಹುಚ್ಚನ ಹಾಡು ಶುರುವಾಗಬೇಕು, ಎಲ್ಲ ತೂತುಗಳೂ ಹಾರಿ ಮೇಸ್ತ್ರಿ ಕೆಂಪು ಅರಿವೆ ಬೀಸಿದ ಮೇಲೆ ನಿಲ್ಲಬೇಕು. ಹಳ್ಳಿಗಳಿಗೆ ಅದು ರೂಢಿಯಾಯಿತು. "ಹುಚ್ಚ ಒದರಾಕತ್ತಾನ, ಸರೀರಿ" ಎಂದು ಕುರಿಯವರು ದಾರಿ ಬದಲಿಸುತ್ತಿದ್ದರು. ಹುಚ್ಚ ಸುಮ್ಮನಾದರೆ ಹೋಗಬಹುದು. ಇದನ್ನು ಯಾರೂ ಯಾರಿಗೂ ಕಲಿಸಬೇಕಾಗಿರಲಿಲ್ಲ.

ಆ ದಿನ ಜೈನಾಪುರದ ಹೊಲದಲ್ಲಿ ಕೆಲಸ. ಕಾಲೇಜಿಗೆ ರಜೆ ಇದ್ದದ್ದರಿಂದ ನಾನೂ ಹೋಗಿದ್ದೆ. ಬಾವಿಯಿಂದ ದೂರದ ಒಂದು ಜಾಲಿ ಗಿಡಕ್ಕೆ ಹಾರ್ನು ಕಟ್ಟಿ, ಅದರ ಬುಡದಲ್ಲಿ ಬ್ಯಾಟರಿ, ಮಷೀನು ಇಟ್ಟೆವು. ಮಾತಾಡುವ ಮೈಕು ಅವರ ಬಳಿ ಇದ್ದದ್ದು ಒಂದೇ. ಅದು ಅಂದು ಊರಲ್ಲೊಂದು ಮದುವೆಗೆ ಹೋಗಿತ್ತು. ಹಾಡಿಗೆ ಮೈಕು ಬೇಕಿಲ್ಲವಲ್ಲ. ಆದರೆ ಮೊದಲ ಮಗ್ಗುಲು ತಿಂಗಳುಗಟ್ಟಲೆ ತಿರುಗಿ ಸವೆದಿತ್ತು. ಸೂಜಿ ಜಾರಿ ಜಾರಿ ಹೊರಗೆ ಬರುತ್ತಿತ್ತು. ಕಾಕಾ ತಟ್ಟೆಯನ್ನು ಮಗುಚಿ ಹಾಕಿದರು.

"ನಿಮ್ಮ ಕಾಕೂಗ ಹೇಳಬ್ಯಾಡ ತಮ್ಮಾ. ತವರಿಗಿ ಹೊಕ್ಕಾಳ" ಎಂದರು.

ಅವರು ನನ್ನ ಜೊತೆ ನಗಾಡಿದ್ದು ಅದೇ ಕೊನೆ.

ಹುಚ್ಚ ಒದರತೊಡಗಿದ. ಬಾವಿಯ ಆಳುಗಳು ಬತ್ತಿಗೆ ಬೆಂಕಿ ಕೊಟ್ಟು ಮೇಲೆ ಬಂದು ಮಣ್ಣಿನ ದಿಬ್ಬದ ಹಿಂದೆ ಅಡಗಿದರು. ಒಮ್ಮೆಲೇ ಹಾಡು ನಿಂತಿತು. ಮುಗಿದು ನಿಂತ ಹಾಗಲ್ಲ, ಮಾತಿನ ನಡುವೆ ಯಾರೋ ಬಾಯಿ ಮುಚ್ಚಿದ ಹಾಗೆ. ಹಾರ್ನಿನಿಂದ ಬರೀ ಸರಸರ ಸದ್ದು. ಕಾಕಾ ಬಗ್ಗಿ ನೋಡಿದರು. ತಟ್ಟೆ ತಿರುಗುತ್ತಲೇ ಇತ್ತು. "ವಾಯರ್ ನೋಡೋ" ಎಂದು ನನಗೆ ಹೇಳಿ ತಲೆ ಎತ್ತಿದರು. ಬಾವಿಯ ಆಚೆ, ಒಡ್ಡಿನ ಮರೆಯಲ್ಲಿ ಕೂತಿದ್ದ ಮುದುಕಿಯೊಬ್ಬಳು ಎದ್ದು, ಸೆರಗು ಝಾಡಿಸಿ, ತನ್ನ ಆಡುಗಳನ್ನು ಬಾವಿಯ ಪಕ್ಕದ ಕಾಲುದಾರಿಗೆ ಇಳಿಸುತ್ತಿದ್ದಳು. ಅವಳದು ತಪ್ಪಲ್ಲ. ಹುಚ್ಚ ಸುಮ್ಮನಾಗಿದ್ದ.

ಕಾಕಾ ಓಡಿದರು.

"ಇನ್ನೂ ಮುಗಿದಿಲ್ಲ ಬೇ! ಬರಬ್ಯಾಡ!"

ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು. ಅವಳಿಗೆ ಮಾತು ಮುಟ್ಟಲಿಲ್ಲ. ಆಗ ಅವರು ಎರಡೂ ಕೈ ಮೇಲೆತ್ತಿ ಹುಚ್ಚನ ಹಾಗೆಯೇ ಒದರಿದರು. ಮಾತಿಲ್ಲ, ಅರ್ಥವಿಲ್ಲ, ತಿಂಗಳುಗಟ್ಟಲೆ ಕೇಳಿ ಗಂಟಲಲ್ಲಿ ಕೂತಿದ್ದ ಆ ಕೂಗು. ಅದು ಮುಟ್ಟಿತು. ಮುದುಕಿ ನಿಂತಳು, ಹಿಂದೆ ಸರಿದು ಒಡ್ಡಿನ ಕೆಳಗೆ ಕುಕ್ಕರಿಸಿದಳು. ಕಾಕಾ ಬಟ್ಟಬಯಲಿನಲ್ಲಿದ್ದರು. ಅವರು ತಿರುಗುವಷ್ಟರಲ್ಲಿ ಬಾವಿಯ ಮೊದಲ ತೂತು ಹಾರಿತು.

ಕಲ್ಲು ಮೊದಲು ಮೇಲೆ ಹೋಗುತ್ತವೆ. ಕೆಳಗೆ ಬರಲು ಸಮಯ ಹಿಡಿಯುತ್ತದೆ. ಆ ಸಮಯದಲ್ಲಿ ಅವರು ಎಡಕ್ಕೆ ಓಡಬಹುದಿತ್ತು, ಬಲಕ್ಕೆ ಓಡಬಹುದಿತ್ತು... ಅವರು ಮೇಲೆ ನೋಡುತ್ತ ನಿಂತರು. ಇಂದಿಗೂ ನಾನು ಅವರನ್ನು ಆ ಕಡೆ ಈ ಕಡೆ ಓಡಿಸುತ್ತಲೇ ಇದ್ದೇನೆ.

ಕಲ್ಲು ಬಡಿದು ಅವರು ಬಿದ್ದಾಗ ನನ್ನ ತಲೆಯ ಮೇಲಿನ ಹಾರ್ನಿನಲ್ಲಿ ಹುಚ್ಚ ಮತ್ತೆ ಶುರುಮಾಡಿದ, ಏನೂ ಆಗದವನ ಹಾಗೆ. ನಾನು ಒಂದು ಹೆಜ್ಜೆ ಇಟ್ಟೆ. ದಿಬ್ಬದ ಹಿಂದಿನಿಂದ ಮೇಸ್ತ್ರಿ ಕೂಗಿದ.

"ಇನ್ನೂ ತೂತು ಉಳದಾವ ಲೇ! ಸಾಯ್ತಿ! ಹಾಡು ನಿಂದ್ರಸಬ್ಯಾಡ, ಮಂದಿ ಬರ್ತಾರ!"

ಅವನ ಮಾತು ಸರಿಯಿತ್ತು. ಹಾಡು ನಿಂತರೆ ಮುದುಕಿ ಏಳುತ್ತಾಳೆ, ಆಚೆ ಹೊಲದವರು ಓಡಿಬರುತ್ತಾರೆ. ನಾನು ಮಷೀನಿನ ಪಕ್ಕ ನಿಂತೆ, ಸೂಜಿ ಜಾರದ ಹಾಗೆ ಕಾಯುತ್ತ. ಕಾಕಾರ ಕೈ ಆಡುತ್ತಿತ್ತು. ಅಂಗೈ ನೆಲವನ್ನು ತಟ್ಟುತ್ತಿತ್ತು. ನೋವಿಗೋ, ನನ್ನನ್ನು ಕರೆಯಲೋ, ತಾಳಕ್ಕೋ... ಇನ್ನೊಂದು ತೂತು ಹಾರಿತು. ಕೊನೆಯದಕ್ಕೆ ಕಾದೆವು. ಅದು ಹಾರಿ, ಕಲ್ಲು ಉದುರಿ, ಕೆಂಪು ಅರಿವೆ ಮೇಲೆದ್ದಾಗ ನಾನು ಸೂಜಿಯನ್ನು ಎತ್ತಲಿಲ್ಲ, ಕಿತ್ತೆ. ತಟ್ಟೆಯ ಮೇಲೆ ಉದ್ದಕ್ಕೂ ಗೀರು ಬಿತ್ತು. ಅಷ್ಟು ಹೊತ್ತಿಗೆ ಆ ಕೈ ಆಡುವುದು ನಿಂತಿತ್ತು.

ಚಕ್ಕಡಿಯಲ್ಲಿ ಬಬಲೇಶ್ವರಕ್ಕೆ ಒಯ್ದೆವು, ಅಲ್ಲಿಂದ ಲಾರಿಯಲ್ಲಿ ವಿಜಾಪುರಕ್ಕೆ. ಅವರ ತಲೆ ನನ್ನ ತೊಡೆಯ ಮೇಲಿತ್ತು. ಊರು ಕಾಣುವ ಮೊದಲೇ ಉಸಿರು ಹೋಯಿತು. ಲಾರಿಯವನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಅವನು ಪಾಪ ಜೋರಾಗಿ ಓಡಿಸುತ್ತಲೇ ಇದ್ದ.

ದಿನಕರ್ಮಗಳು ಮುಗಿದ ಮೇಲೆ ಕಾಕೂ ನನ್ನನ್ನು ಕರೆಸಿದಳು. ರೆಕಾರ್ಡು ಅವಳ ಮಡಿಲಲ್ಲಿತ್ತು. ಗೀರಿನ ಮೇಲೆ ಬೆರಳಾಡಿಸುತ್ತಿದ್ದಳು. ಅಳಲಿಲ್ಲ, ಬೈಯಲಿಲ್ಲ.

"ತಮ್ಮಾ, ನಿನಗ ಇಂಗ್ಲಿಷ್ ಬರ್ತೈತಿ. ಆ ಹುಚ್ಚ ನಡುವ ಯಾಕ ಸುಮ್ಮನಾದ? ಅದನ್ನಷ್ಟ ಹೇಳು."

ರಟ್ಟಿನ ಮೇಲಿದ್ದ ಅಕ್ಷರಗಳನ್ನೆಲ್ಲ ಓದಿದೆ. ಹಿಂದೆ ಮುಂದೆ ತಿರುಗಿಸಿ ಮತ್ತೆ ಓದಿದೆ. ಅದರಲ್ಲೇನೂ ಇರಲಿಲ್ಲ. ಗೊತ್ತಿಲ್ಲ ಕಾಕೂ ಎಂದೆ. ಅವಳು ತಲೆ ಆಡಿಸಿ, ಅದನ್ನು ಸೀರೆಯ ತುಂಡಿನಲ್ಲಿ ಸುತ್ತಿ ಒಳಗೆ ಒಯ್ದಳು. ಆ ವರ್ಷವೇ ತಮ್ಮನ ಮನೆಗೆ ಹೋದಳು. ನಾನು ನೌಕರಿ ಹಿಡಿದೆ, ಅಥಣಿ ರಸ್ತೆಯಲ್ಲಿ ಮನೆ ಕಟ್ಟಿಸಿದೆ. ಅವಳು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಬಹಳ ತಡವಾಗಿ, ಬಸ್ ನಿಲ್ದಾಣದಲ್ಲಿ ಸಿಕ್ಕ ಹಳೆಯ ಓಣಿಯವರೊಬ್ಬರಿಂದ.

ಹೊಸ ರೆಕಾರ್ಡಿನ ಜೊತೆ ಒಂದು ತೆಳು ಪುಸ್ತಿಕೆ ಇದೆ. ಧ್ವನಿ ಮುದ್ರಿಸಿದವರು ತಮ್ಮ ನೆನಪು ಬರೆದಿದ್ದಾರೆ. ಎರಡನೆಯ ಮಗ್ಗುಲಿನ ಆ ಹಾಡಿನ ನಡುವೆ ಗಾಯಕನಿಗೆ ಬಾಯಾರಿತಂತೆ. ಹಾಡು ಬಿಟ್ಟು ನಡೆದುಹೋಗಿ ನೀರು ಕುಡಿದು ಬಂದು ಮುಂದುವರಿಸಿದ. ಆಮೇಲೆ ಆ ಮೌನವನ್ನು ಕತ್ತರಿಸಲು ಬಿಡಲಿಲ್ಲ, ಅದೂ ಹಾಡೇ ಎಂದು ಹಟ ಹಿಡಿದ. ಅಷ್ಟೇ.

ಇಷ್ಟು ಸಣ್ಣ ಉತ್ತರ. ಹೇಳೋಣವೆಂದರೆ ಕೇಳಿದವಳು ಇಲ್ಲ.

ಮಧ್ಯಾಹ್ನ ಒಬ್ಬನೇ ಕೂತು ಮಗಳು ತಂದ ಮಷೀನಿನ ಮೇಲೆ ಆ ಮಗ್ಗುಲು ಹಚ್ಚಿದೆ. ಹುಚ್ಚ ಒದರಿದ. ಮಾತಿನ ನಡುವೆ ನಿಂತ. ಅಂದು ಹಾರ್ನಿನಲ್ಲಿ ಬರೀ ಸರಸರ ಕೇಳಿದ್ದ ಜಾಗವನ್ನು ಈಗ ಎಷ್ಟು ಚೊಕ್ಕಟ ಮಾಡಿದ್ದಾರೆಂದರೆ, ಅವನು ಎದ್ದು ನಡೆದ ಸಪ್ಪಳ ಕೇಳುತ್ತದೆ. ಗಾಜಿನ ಲೋಟ ಎತ್ತಿದ್ದು ಕೇಳುತ್ತದೆ. ಒಬ್ಬ ಮನುಷ್ಯ ಗುಟುಕು ಗುಟುಕಾಗಿ, ಯಾವ ಅವಸರವೂ ಇಲ್ಲದೆ ನೀರು ಕುಡಿಯುವುದು ಕೇಳುತ್ತದೆ...

ಹಾಡು ಮುಗಿಯಿತೆಂದುಕೊಂಡು ಮಗಳು ಚಹಾ ಹಿಡಿದು ಬಾಗಿಲಿಗೆ ಬಂದಳು. ಒಳಗೆ ಒಂದು ಕಾಲಿಟ್ಟಿದ್ದಳು. ನನ್ನ ಎರಡೂ ಕೈ ತಾವಾಗಿಯೇ ಮೇಲೆದ್ದವು.

"ಇನ್ನೂ ಮುಗಿದಿಲ್ಲ" ಎಂದೆ. "ಬರಬ್ಯಾಡ."