ಬೋಟಿನ ಕಾಲು

ಜಮಖಂಡಿಯಲ್ಲಿ ನನ್ನದು ಟ್ರ್ಯಾಕ್ಟರ್ ಗೇರ್‌ಬಾಕ್ಸ್ ರಿಪೇರಿ ಕೆಲಸ. ಕಬ್ಬಿನ ಹಂಗಾಮು ಶುರುವಾಯಿತೆಂದರೆ ಊಟಕ್ಕೂ ಪುರಸತ್ತು ಇರುವುದಿಲ್ಲ. ಸಾವಳಗಿ, ಚಿಕ್ಕಪಡಸಲಗಿ ಕಡೆಯವರು ಎರಡೆರಡು ಟ್ರೇಲರ್ ಕಬ್ಬು ಹೇರಿ, ಏರುದಾರಿಯಲ್ಲಿ ಗೇರು ಮುರಿದುಕೊಂಡು ಬಂದು, ಸಂಜೆಯೊಳಗೆ ಬೇಕೆಂದು ತಲೆ ತಿನ್ನುತ್ತಾರೆ. ಬೈಯುತ್ತಲೇ ಮಾಡಿಕೊಡುತ್ತೇನೆ. ನನ್ನ ಬಾಯಿ ಕೆಟ್ಟದ್ದು ಎಂದು ಊರಿಗೆಲ್ಲ ಗೊತ್ತು, ಆದರೆ ಕೈಕೆಲಸದಲ್ಲಿ ಯಾರೂ ಕೊರತೆ ಎತ್ತಿಲ್ಲ. ಗೇರು ಎಷ್ಟೇ ಕೆಟ್ಟಿರಲಿ, ಬಿಚ್ಚಿ ನೋಡಿದರೆ ಒಂದು ದಾರಿ ಸಿಕ್ಕೇ ಸಿಗುತ್ತದೆ ಎಂದು ನಾನೂ ನಂಬಿಕೊಂಡಿದ್ದೆ. ಅದು ಅಕ್ಕನ ಮನೆಯ ಬೋಟು ಬಿಚ್ಚುವವರೆಗಿನ ಮಾತು.

ಅಕ್ಕನನ್ನು ಕೊಟ್ಟದ್ದು ಬೀಳಗಿ ತಾಲ್ಲೂಕಿಗೆ, ಅನಗವಾಡಿ ಕಡೆಯ ಒಂದು ಹೊಳೆದಂಡೆಯ ಹಳ್ಳಿಗೆ. ಆಣೆಕಟ್ಟಿನ ಹಿನ್ನೀರು ಏರಿದ ಮೇಲೆ ಅವರ ಮನೆಯೂ ಇನ್ನಷ್ಟು ಮನೆಗಳೂ ಆಚೆ ದಂಡೆಯ ದಿಬ್ಬದ ಮೇಲೆ ಉಳಿದವು. ಬಸ್ಸು, ಸಂತೆ, ದವಾಖಾನೆ ಎಲ್ಲ ಈಚೆ ದಂಡೆಗೆ. ಅಕ್ಕನ ಗಂಡನನ್ನು ನಾನು ಮಾಮಾ ಎನ್ನುತ್ತೇನೆ. ಅವರ ಮನೆತನದ ಕೆಲಸವೇ ಜನರನ್ನು ಹೊಳೆ ದಾಟಿಸುವುದು. ಹರೆಯದಲ್ಲಿ ಹುಟ್ಟು ಹಾಕಿ ದೋಣಿ ನಡೆಸಿದರು. ತೋಳಿನ ಕಸುವು ಕಡಿಮೆಯಾದ ಮೇಲೆ, ಗೋವಾದಲ್ಲಿ ಪ್ರವಾಸಿಗರನ್ನು ಸುತ್ತಿಸಿ ಹಳೆಯದಾಗಿದ್ದ ಒಂದು ಫೈಬರ್ ಬೋಟು ತಂದರು. ಅದರ ಎಂಜಿನ್ ಹೊಟ್ಟೆಯೊಳಗೆ ಇರುತ್ತದೆ. ಹಿಂದುಗಡೆ ನೀರಿಗೆ ಇಳಿಬಿಟ್ಟ ಒಂದು ಕಾಲಿದೆ, ಆ ಕಾಲಿನೊಳಗಿನ ಗೇರುಗಳು ಎಂಜಿನ್ನಿನ ಶಕ್ತಿಯನ್ನು ಕೆಳಗೆ ನೀರು ತಳ್ಳುವ ಫ್ಯಾನಿಗೆ ಮುಟ್ಟಿಸುತ್ತವೆ. ಅದಕ್ಕೆ ಸ್ಟರ್ನ್‌ಡ್ರೈವ್ ಎಂಬ ಹೆಸರಿರುವುದು ನನಗೆ ಆಮೇಲೆ ಗೊತ್ತಾಯಿತು. ಊರವರಿಗೆ ಅದು ಬೋಟಿನ ಕಾಲು, ಅಷ್ಟೇ.

ದೀಪಾವಳಿ ಮುಗಿದ ಮೇಲೆ ಒಂದು ದಿನ ಮಾಮಾ ಫೋನು ಮಾಡಿದರು. ಮುಂದಿನ ಗೇರು ಹಾಕಿದರೆ ಕಟಕಟ ಸದ್ದು ಬರುತ್ತಿದೆ, ಜನರನ್ನು ಹತ್ತಿಸಲು ಹೆದರಿಕೆಯಾಗುತ್ತಿದೆ ಎಂದರು. ನಾನು ಮೋಟಾರ್ ಸೈಕಲ್ಲಿಗೆ ಸ್ಪ್ಯಾನರು ತುಂಬಿದ ಪಾನಾ ಚೀಲ ಕಟ್ಟಿಕೊಂಡು ಹೋದೆ. ದಂಡೆಯಲ್ಲೇ ಎಂಜಿನ್ ಚಾಲೂ ಮಾಡಿಸಿ ಕಿವಿಗೊಟ್ಟೆ. ನ್ಯೂಟ್ರಲ್‌ನಲ್ಲಿ ಸದ್ದಿಲ್ಲ. ಹಿಂದಿನ ಗೇರಿನಲ್ಲಿ, ಅಂದರೆ ರಿವರ್ಸಿನಲ್ಲಿ, ಸ್ವಲ್ಪ ಗುರುಗುಟ್ಟುತ್ತಿತ್ತು. ಮುಂದಿನ ಗೇರಿಗೆ ಹಾಕಿದ ಕೂಡಲೇ ಕಲ್ಲು ಅಗಿದಂತೆ ಶಬ್ದ ಬಂತು. ಎಂಜಿನ್ ನಿಲ್ಲಿಸಿ ಫ್ಯಾನನ್ನು ಕೈಯಿಂದ ತಿರುಗಿಸಿದರೆ ಒಂದು ಕಡೆ ತಡೆದು, ಆಮೇಲೆ ಜಾರುತ್ತಿತ್ತು. ಕೆಳಗಿನ ಬೋಲ್ಟು ಬಿಚ್ಚಿ ಎಣ್ಣೆ ಇಳಿಸಿದೆ. ಕಪ್ಪಗೆ ಬರಬೇಕಾದ ಗೇರೆಣ್ಣೆ ಹಾಲು ಹೆಚ್ಚಾದ ಚಹಾದಂತೆ ಬಂತು. ಬೆರಳಲ್ಲಿ ತಿಕ್ಕಿ ನೋಡಿದರೆ ಕಬ್ಬಿಣದ ಪುಡಿ ಹತ್ತಿತು. ಒಳಗೆ ನೀರು ಹೊಕ್ಕಿದೆ, ಬಹಳ ದಿನದಿಂದ ಹೊಕ್ಕಿದೆ ಎಂದು ಆಗಲೇ ತಿಳಿಯಿತು.

ನೀರು ಎಲ್ಲಿಂದ ಹೊಕ್ಕಿತು ಎಂದು ನೋಡಲು ಫ್ಯಾನು ಕಳಚಿದೆ. ಅದರ ಹಿಂದೆ, ಶಾಫ್ಟಿನ ಸುತ್ತ ನೂಲು ಬಿಗಿದಿತ್ತು. ತಿರುಗಿ ತಿರುಗಿ ಬಳೆಯಂತೆ ಗಟ್ಟಿಯಾಗಿ, ಎಣ್ಣೆ ತಡೆಯುವ ರಬ್ಬರ್ ಸೀಲನ್ನು ಕೊಯ್ದು ಒಳಗೆ ಕೂತಿತ್ತು. ಚಾಕುವಿನಿಂದ ಕೊಯ್ದು ಕೊಯ್ದು ಎಳೆದೆ. ಮೊದಲು ಹಸಿರು ಬಂತು. ಆಮೇಲೆ ಕೆಂಪು ಅಂಚಿನ ಎಳೆ ಬಂತು, ಅದರಲ್ಲಿ ಜರಿ ಇನ್ನೂ ಮಿಂಚುತ್ತಿತ್ತು.

ಅದು ಸೀರೆಯ ನೂಲು, ಆ ಸೀರೆ ನಾನೇ ತಂದದ್ದು. ಪಂಚಮಿಗೆ ಅಕ್ಕನನ್ನು ತವರಿಗೆ ಕರೆದಾಗ ಉಡಿಸಲೆಂದು ಬನಹಟ್ಟಿಯಲ್ಲಿ ಕೊಂಡಿದ್ದೆ. ನೂಲು ಗಟ್ಟಿ ಇರಲಿ, ಅಕ್ಕ ಹೊಲದಲ್ಲಿ ದುಡಿಯುವವಳು, ಬೇಗ ಹರಿಯಬಾರದು ಎಂದು ಅಂಗಡಿಯವನಿಗೆ ಹೇಳಿ ಹೇಳಿ ಆರಿಸಿದ್ದೆ. ಅವಳು ಅದನ್ನು ಉಡಲೇ ಇಲ್ಲ. ಹೊಸ ನೀರು ಬಂದಾಗ ಹೊಳೆಗೆ ಉಡಿ ತುಂಬುವುದು ನಮ್ಮ ಕಡೆಯ ಹೆಣ್ಣುಮಕ್ಕಳ ಪದ್ಧತಿ. ಅರಿಶಿನ, ಕುಂಕುಮ, ಕುಪ್ಪಸದ ಖಣ, ಕೊಬ್ಬರಿ ಬಟ್ಟಲು ಬಿಡುತ್ತಾರೆ, ಹರಕೆ ಇದ್ದವರು ಸೀರೆಯನ್ನೂ ಬಿಡುತ್ತಾರೆ. ಮಾಮಾ ಒಮ್ಮೆ ಸೆಳವಿಗೆ ಸಿಕ್ಕು ಹೇಗೋ ಬದುಕಿ ಬಂದಿದ್ದರು. ಅದಕ್ಕೆ ಅಕ್ಕ ಹರಕೆ ಹೊತ್ತಿದ್ದಳು. ತವರಿನ ಸೀರೆಯ ಮಡಿಕೆಯನ್ನೂ ಬಿಚ್ಚದೆ, ಗಂಡನ ಬೋಟಿನಲ್ಲೇ ನಡುಹೊಳೆಗೆ ಹೋಗಿ ನೀರಿಗೆ ಬಿಟ್ಟಿದ್ದಳು.

ಮಾಮಾ ನನ್ನ ಕೈಯಲ್ಲಿದ್ದ ಎಳೆ ನೋಡಿದರು. ಅವರಿಗೂ ಗುರುತು ಸಿಕ್ಕಿತು. ನನ್ನ ಬೆರಳುಗಳನ್ನು ಅದರ ಮೇಲೆ ಮಡಚಿ ಹೇಳಿದರು: "ಇದು ನಿಮ್ಮ ಅಕ್ಕಗ ತಿಳೀಬಾರದು ತಮ್ಮಾ. ನನ್ನ ಜೀವಕ್ಕಂತ ಬಿಟ್ಟಾಳ ಅದನ್ನ."

ನಾನು ಆ ನೂಲನ್ನು ಪಾನಾ ಚೀಲದ ತಳಕ್ಕೆ ತುರುಕಿದೆ. ನನಗೆ ಅಕ್ಕನ ಮೇಲೆ ಸಿಟ್ಟು ಬಂದಿರಲಿಲ್ಲ. ಯಾರ ಮೇಲೆ ಬಂದಿತ್ತು ಎಂದು ಇವತ್ತಿಗೂ ಹೇಳಲಾರೆ.

ಕಾಲನ್ನು ಕಳಚಿ ಟೆಂಪೋದಲ್ಲಿ ಜಮಖಂಡಿಗೆ ತಂದು ಬಿಚ್ಚಿದೆ. ಬೇರಿಂಗು ತುಕ್ಕು ಹಿಡಿದು ಸಡಿಲಾಗಿತ್ತು. ಸಡಿಲಾದದ್ದಕ್ಕೆ ಗೇರುಗಳು ಜಾಗ ಬಿಟ್ಟು, ಹಲ್ಲಿನ ತುದಿಗೆ ತುದಿ ಬಡಿದುಕೊಂಡಿದ್ದವು. ಮುಂದಿನ ಗೇರಿನ ಚಕ್ರದಲ್ಲಿ ಒಂದು ಕಡೆ ಹಲ್ಲುಗಳೇ ಇರಲಿಲ್ಲ. ಹಿಂದಿನ ಗೇರಿನ ಚಕ್ರ ಬೇರೆ. ಅದಕ್ಕೆ ಕೆಲಸ ಕಡಿಮೆ, ಹಾಗಾಗಿ ಉಳಿದುಕೊಂಡಿತ್ತು. ಸೀಲು, ಬೇರಿಂಗು ಹೇಗೋ ಸಿಕ್ಕವು. ಚಕ್ರಕ್ಕಾಗಿ ಗೋವಾಕ್ಕೆ, ಮುಂಬಯಿಗೆ ಫೋನು ಮಾಡಿದೆ. ಆ ಮಾದರಿ ತಯಾರಿಸುವುದು ನಿಂತು ಎಷ್ಟೋ ಕಾಲವಾಯಿತು ಎಂಬುದೊಂದೇ ಉತ್ತರ. ಮುಧೋಳದಲ್ಲಿ ಸಕ್ಕರೆ ಕಾರ್ಖಾನೆಗಳ ಗೇರು ಕೊರೆಯುವವನ ಹತ್ತಿರ ಒಯ್ದೆ. ಬನಹಟ್ಟಿಯಲ್ಲಿ ಮಗ್ಗದ ಗೇರು ಮಾಡುವವನಿಗೆ ತೋರಿಸಿದೆ. ಇಬ್ಬರೂ ತಿರುಗಿಸಿ ಮುರುಗಿಸಿ ನೋಡಿ, ಹೀಗೆ ಸೊಟ್ಟಗೆ ಸುತ್ತಿಕೊಂಡ ಹಲ್ಲು ನಮ್ಮ ಮಶೀನಿನಲ್ಲಿ ಬರುವುದಿಲ್ಲ ಎಂದು ಕೈ ಚೆಲ್ಲಿದರು.

ಮಾಮಾ ದಿನಾ ಬಸ್ಸಿನಲ್ಲಿ ಬಂದು ನನ್ನ ಅಂಗಡಿಯ ಹಳೆ ಟೈರಿನ ಮೇಲೆ ಕೂರುತ್ತಿದ್ದರು. ಹೊಳೆಯ ಮೇಲೆ ಗಟ್ಟಿ ದನಿಯಲ್ಲಿ ಕೂಗುತ್ತಿದ್ದ ಮನುಷ್ಯ, ನನ್ನಲ್ಲಿ ಬಂದರೆ ಚಹಾ ಬೇಕೋ ಬೇಡವೋ ಎಂಬುದಕ್ಕೂ ತಲೆಯಾಡಿಸುತ್ತಿದ್ದರು. ರಬಕವಿಯಲ್ಲಿ ಅವರ ಸಂಬಂಧಿಕರೊಬ್ಬರು ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ಕಾವಲಿಗೆ ಕರೆಯುತ್ತಿದ್ದರು. ಹೋಗಬಹುದಲ್ಲ, ಕುಳಿತು ಮಾಡುವ ಕೆಲಸ ಎಂದು ನಾನೇ ಒಂದು ದಿನ ಎತ್ತಿದೆ.

"ಅಲ್ಲಿ ಮಗ್ಗ ಬಡಿಯೂದು ಬಿಟ್ರ ಏನೂ ಕೇಳೂದಿಲ್ಲ," ಎಂದರು. "ನಾಕ ಗ್ವಾಡಿ ನಡುವ ಕುಂತು ಬದಕೂದು ನನ್ನ ಕೈಲಿ ಆಗೂದಿಲ್ಲ ತಮ್ಮಾ. ನೀರ ಬಿಟ್ಟು ದಂಡಿಗೆ ಬಂದ್ರ ನಾ ಮನಷ್ಯಾನ ಅಲ್ಲ."

ಆ ಮಾತಿನ ಮೇಲೆ ನಾನು ಮಾಡಬಾರದ ಕೆಲಸಕ್ಕೆ ಕೈ ಹಾಕಿದೆ. ಹಲ್ಲು ಹೋದ ಕಡೆ ವೆಲ್ಡಿಂಗ್ ತುಂಬಿಸಿ, ಅರದಿಂದ ತಿಕ್ಕಿ ಹೊಸ ಹಲ್ಲು ಮೂಡಿಸಿದೆ. ಬೆರಳಿಗೆ ಬೊಬ್ಬೆ ಬಂದವು. ನನಗೆ ಕೆಲಸ ಕಲಿಸಿದ ಉಸ್ತಾದರು ಹಲ್ಲು ಕೂರುತ್ತವೋ ಇಲ್ಲವೋ ನೋಡಲು ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಹಚ್ಚುತ್ತಿದ್ದರು. ನಾನೂ ಹಚ್ಚಿ ತಿರುಗಿಸಿದೆ. ಹಲ್ಲಿನ ನಡುಮೈಗೆ ಹತ್ತಬೇಕಾದ ಕೆಂಪು ತುದಿಗಷ್ಟೇ ಹತ್ತುತ್ತಿತ್ತು. ಮತ್ತೆ ತಿಕ್ಕಿದೆ, ತಗಡಿನ ಬಿಲ್ಲೆ ಕೊಟ್ಟು ಎತ್ತರಿಸಿದೆ, ಮತ್ತೆ ಹಚ್ಚಿದೆ. ಕೆಂಪು ಸ್ವಲ್ಪ ಒಳಗೆ ಸರಿಯಿತು, ಅಲ್ಲಿಗೇ ನಿಂತಿತು. ಟ್ರ್ಯಾಕ್ಟರಿನದಾಗಿದ್ದರೆ ಮೂಲೆಗೆ ಎಸೆದು ಗಿರಾಕಿಯನ್ನು ಬೈದು ಕಳಿಸುತ್ತಿದ್ದೆ. ಮಾಮಾ ಮಾತ್ರ ಎದ್ದು ಬಂದು, ಆತೇನು ಎಂದು ಕೇಳಿದರು. ನೀರಿಗೆ ಬಿಟ್ಟು ನೋಡೋಣ ಎಂದೆ.

ಕಾಲನ್ನು ತಿರುಗಿ ಜೋಡಿಸಿದ ದಿನ ಅಕ್ಕ ಊರಿನವರ ತೆಪ್ಪದಲ್ಲಿ ಈಚೆ ದಂಡೆಗೆ ಬಂದಿದ್ದಳು. ಇಷ್ಟು ದಿನವೂ ಅವಳದು ಒಂದೇ ಪ್ರಶ್ನೆ, ಯಾವಾಗ ಆದೀತು ಎಂದು. ಕೆಟ್ಟದ್ದು ಯಾಕೆ ಎಂದೂ ಕೇಳಿದ್ದಳು. ಎಣ್ಣೆ ಹಳೆಯದಾಗಿತ್ತು ಎಂದು ಹೇಳಿ ತಪ್ಪಿಸಿಕೊಂಡಿದ್ದೆ. ಅವಳು ಅದನ್ನು ನಂಬಿರಲಿಲ್ಲ.

"ಗಂಗವ್ವ ಸಿಟ್ಟಾಗ್ಯಾಳ," ಎಂದಳು. "ನಾ ಕೊಟ್ಟದ್ದು ಕಡಿಮಿ ಆತು. ಈ ಸಲ ಅದಕ್ಕಿಂತ ಛಲೋ ಸೀರಿ ಬೇಡಿಕೊಂಡೇನಿ."

ಮಾಮಾ ಮುಖ ಆಚೆ ತಿರುಗಿಸಿದರು. ನನ್ನ ಬಾಯಿ ತಡೆಯಲಿಲ್ಲ; ಸಾಕು ಮಾಡು ಅಕ್ಕಾ, ಹೊಳೆಗೆ ಕೊಟ್ಟದ್ದು ಸಾಕು ಎಂದು ಹರಿಹಾಯ್ದೆ. ಅವಳ ಕಣ್ಣು ತುಂಬಿದವು. ಯಾಕೆ ಬೈಯುತ್ತೇನೆಂದು ಅವಳಿಗೆ ಗೊತ್ತಿಲ್ಲ, ನಾನು ಹೇಳುವಂತಿಲ್ಲ.

ಮಾಮಾ ಮುಂದಿನ ಗೇರು ಹಾಕಿದರು. ಬೋಟು ಕಟಕಟ ಸದ್ದಿಲ್ಲದೆ ದಂಡೆ ಬಿಟ್ಟಿತು. ಅವರ ಮುಖದಲ್ಲಿ ನಗು ಕಂಡದ್ದು ಆಗಲೇ. ಅಕ್ಕ ಎರಡೂ ಕೈ ಎತ್ತಿ ಮುಗಿದಳು. ನಾನೂ ಒಂದು ಗಳಿಗೆ ನನ್ನ ಅನುಮಾನ ಸುಳ್ಳಾಯಿತು ಎಂದೇ ನಂಬಿದೆ. ಸ್ವಲ್ಪ ದೂರ ಹೋಗಿ ರೇಸ್ ಏರಿಸಿದರು, ಅಷ್ಟೇ. ನೀರೊಳಗೆ ಏನೋ ಸಿಡಿದ ಸದ್ದಾಯಿತು, ಎಂಜಿನ್ ಸುಮ್ಮನೆ ಅರಚತೊಡಗಿತು, ಬೋಟು ನಿಂತಲ್ಲೇ ಓಲಾಡಿತು. ಗಳ ಊರಿಕೊಂಡು ದಂಡೆಗೆ ತಂದರು.

ನಾನು ಮೂಡಿಸಿದ ಹಲ್ಲುಗಳು ಹೋಗಿದ್ದವು, ಬಿಚ್ಚಿ ನೋಡುವ ಗರಜು ಇರಲಿಲ್ಲ. ಮಾಮಾ ಕೇಳಿದ್ದು ಒಂದೇ: "ಹಿಂದಿನ ಗೇರ್ ಐತೇನು?"

"ಐತ್ರೀ ಮಾಮಾ. ಮೆಲ್ಲಗ ಹ್ವಾದ್ರ ಮನಿ ಮುಟ್ಟಬಹುದು."

"ಹಂಗಾರ ನಮ್ಮ ದಂಡಿಗೆ ಒಯ್ದು ಕಟ್ಟತೇನಿ," ಎಂದು ಅಕ್ಕನನ್ನು ಹತ್ತಿಸಿಕೊಂಡರು. ಅವಳು ಬೋಟಿನ ಮೂತಿಯ ಹತ್ತಿರ ನನಗೆ ಎದುರಾಗಿ ಕುಳಿತಳು. ಮಾಮಾ ನಮಗೆ ಬೆನ್ನು ಮಾಡಿ, ಹೋಗಬೇಕಾದ ದಂಡೆಯನ್ನು ನೋಡುತ್ತ ನಿಂತರು. ಬೋಟು ನನ್ನ ಕಡೆಗೇ ಮುಖ ಮಾಡಿಕೊಂಡು ಹಿಂದೆ ಹಿಂದೆ ಸರಿಯಿತು. ಅದು ನೀರ ಮೇಲೆ ಹೋದದ್ದು ಅದೇ ಕೊನೆ. ಸಂಕ್ರಮಣ ಕಳೆದ ಮೇಲೆ ಮಾಮಾ ರಬಕವಿಯ ಶೆಡ್ಡಿಗೆ ಹೋದರು, ಅಲ್ಲೇ ಇದ್ದಾರೆ. ಫೋನು ಮಾಡಿದರೆ ಮಗ್ಗದ ಸದ್ದಿನಲ್ಲಿ ಅವರ ಮಾತು ತಿಳಿಯುವುದಿಲ್ಲ.

ಆ ದಿನ ನಡುಹೊಳೆಯ ಹತ್ತಿರ ಅಕ್ಕ ಬಾಯಿಗೆ ಕೈ ಹಿಡಿದು ಏನೋ ಕೂಗಿ ಕೇಳಿದಳು. ಎಂಜಿನ್ನಿನ ಗದ್ದಲದಲ್ಲಿ ಕೇಳಿಸಲಿಲ್ಲ. ಇನ್ನೇನು ಕೇಳುತ್ತಾಳೆ, ಯಾವಾಗ ಆದೀತು ಎಂದೇ ಇರಬೇಕು. ಅವಳಿಗೆ ಕಾಣುವಂತೆ ನಾನು ಜೋರಾಗಿ, ಆಗ್ತದೆ ಎಂದು ತಲೆಯಾಡಿಸಿದೆ.